ಮನೆ ಹೊತ್ತು ಹೊರಟರೆ ಮೋರಿಯೂ ಜೊತೆಗೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಏಪ್ರಿಲ್‌ನಲ್ಲಿ ಹೋಗಿಳಿದ ಅಪ್ಪ-ಅಮ್ಮಂದಿರಿಗೆ ಜೂನ್ ಹೊತ್ತಿಗೆ ಬೇಸರ ಹಿಡಿಯುತ್ತದೆ. ವಾಲ್‌ಮಾರ್ಟ್ ಆಯಿತು, ವೆಂಕಟೇಶ್ವರ ದೇವಸ್ಥಾನ ಆಯಿತು, ನಯಾಗರವೂ ಆಯಿತು. ಆಗ ಮಗನೋ ಅಳಿಯನೋ ಊಟದ ಹೊತ್ತಿನಲ್ಲಿ ಒಂದು ಮಾತು ತೇಲಿಬಿಡುತ್ತಾನೆ: ‘ಒಂದು ಆರ್‌ವಿ ಬಾಡಿಗೆಗೆ ತಗೊಂಡು ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೋಗೋಣ. ಅಡುಗೆ ಗಾಡಿಯಲ್ಲೇ, ಮಲಗೋದು ಗಾಡಿಯಲ್ಲೇ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿದರಾಯ್ತು.’

ಆರ್‌ವಿ ಎಂದರೆ ಚಕ್ರದ ಮೇಲಿನ ಮನೆ; ಅದರಲ್ಲಿ ಅಡುಗೆ, ಮಲಗುವುದು ಎರಡೂ ನಿಜ. ‘ಎಲ್ಲಿ ಬೇಕೋ ಅಲ್ಲಿ’ ಎಂಬುದು ಮಾತ್ರ ಜಾಹೀರಾತಿನಿಂದ ಬಂದದ್ದು. ಮೋಟಾರ್‌ಹೋಮ್ ಮಾರುವವರು, ಬಾಡಿಗೆಗೆ ಕೊಡುವವರು ಎಲ್ಲರೂ ಸ್ವಾತಂತ್ರ್ಯ ಎಂಬ ಒಂದೇ ಮಂತ್ರ ಜಪಿಸುತ್ತಾರೆ. ಅಂಥ ಗಾಡಿಯಲ್ಲಿ ಕುಟುಂಬ ಸಮೇತ ಹೋಗಿಬಂದವರಿಗೆ ಗೊತ್ತಿರುವ ಸತ್ಯ ಬೇರೆ. ಊರಿನಲ್ಲಿ ಜಲಮಂಡಳಿ, ವಿದ್ಯುತ್ ಕಂಪನಿ, ಗ್ಯಾಸ್ ಏಜೆನ್ಸಿ, ಒಳಚರಂಡಿ ಇಲಾಖೆ ನಮ್ಮ ಕಣ್ಣಿಗೆ ಬೀಳದಂತೆ ಮಾಡುವ ಕೆಲಸವನ್ನೆಲ್ಲ ಒಂದು ವಾರದ ಮಟ್ಟಿಗೆ ನಾವೇ ವಹಿಸಿಕೊಳ್ಳುವ ಪ್ರವಾಸ ಅದು. ಕಷ್ಟ ಇರುವುದು ಅಲ್ಲಿಯೇ. ಮೂರು ತಲೆಮಾರು ಕೂಡಿ ಹೊರಟರೆ ಅದರ ಸ್ವಾರಸ್ಯ ಇರುವುದೂ ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

ಈ ಚಟ ಅಮೆರಿಕನ್ನರಿಗೆ ಅಂಟಿ ನೂರು ವರ್ಷ ದಾಟಿದೆ. 1910ರಲ್ಲಿ ಪಿಯರ್ಸ್-ಆ್ಯರೋ ಎಂಬ ಕಾರು ಕಂಪನಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ‘ಟೂರಿಂಗ್ ಲ್ಯಾಂಡೋ’ ಎಂಬ ಗಾಡಿಯನ್ನಿಟ್ಟಿತು. ಹಿಂದಿನ ಸೀಟು ಬಿಚ್ಚಿದರೆ ಹಾಸಿಗೆ, ಚಾಲಕನ ಬೆನ್ನ ಹಿಂದೆ ಮಡಚಿಡುವ ಕೈತೊಳೆಯುವ ಬೇಸಿನ್, ಮೂತ್ರಪಾತ್ರೆ, ಚಾಲಕನೊಡನೆ ಮಾತಾಡಲು ಟೆಲಿಫೋನು. ಕೊಳ್ಳುವವನಿಗೆ ಚಾಲಕ ಇದ್ದೇ ಇರುತ್ತಾನೆ ಎಂಬ ಎಣಿಕೆ ಅದು. ಕೆಲವೇ ವರ್ಷಗಳಲ್ಲಿ ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರಿನ ಹಾರ್ವೆ ಫೈರ್‌ಸ್ಟೋನ್, ನಿಸರ್ಗ ಲೇಖಕ ಜಾನ್ ಬರೋಸ್ ಒಟ್ಟುಗೂಡಿ ಬೇಸಿಗೆಯಲ್ಲಿ ಕಾಡುಮೇಡು ಸುತ್ತತೊಡಗಿದರು. ತಮ್ಮನ್ನು ‘ಅಲೆಮಾರಿಗಳು’ ಎಂದು ಕರೆದುಕೊಳ್ಳುತ್ತಿದ್ದ ಈ ಕೋಟ್ಯಧೀಶರ ಹಿಂದೆ ಅಡುಗೆಯವನು, ಅಡುಗೆಮನೆಯ ಟ್ರಕ್ಕು, ಜೊತೆಗೆ ಪತ್ರಕರ್ತರ ದಂಡು. ರಾತ್ರಿ ಡೇರೆಗೆ ಬೆಳಕು ಎಡಿಸನ್ ಬ್ಯಾಟರಿಯದು. 1921ರಲ್ಲಿ ಅಧ್ಯಕ್ಷ ವಾರೆನ್ ಹಾರ್ಡಿಂಗ್ ಕೂಡ ಮೇರಿಲ್ಯಾಂಡಿನಲ್ಲಿ ಇವರ ಬಿಡಾರಕ್ಕೆ ಬಂದು ತಂಗಿದರು. ಸರಳ ಜೀವನಕ್ಕೆ ಇಷ್ಟೊಂದು ಸಾಮಾನು ಬೇಕೆ ಎಂದು ಆಗಲೇ ಯಾರಾದರೂ ಕೇಳಬಹುದಿತ್ತು.

ಸಾಮಾನ್ಯ ಸಂಸಾರಿಗಳ ಕೈಗೆ ಇದು ಎಟುಕಿದ್ದು 1960ರ ದಶಕದಲ್ಲಿ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಲ್ಲಿ ಪೀಠೋಪಕರಣದ ಅಂಗಡಿ ನಡೆಸುತ್ತಿದ್ದ ಜಾನ್ ಹ್ಯಾನ್ಸನ್, ಊರಿಗೊಂದು ಕಾರ್ಖಾನೆ ಬರಲಿ ಎಂದು ಓಡಾಡಿ ಕಡೆಗೆ ತಾನೇ ಅದರ ಚುಕ್ಕಾಣಿ ಹಿಡಿದ. ವಿನ್ನೆಬಾಗೊ ಕಂಪನಿ ಬೆಳೆದದ್ದು ಹೀಗೆ. 1966ರಲ್ಲಿ ಅಲ್ಲಿಂದ ಹೊರಬಿದ್ದ ಮೋಟಾರ್‌ಹೋಮ್‌ಗಳು ಬೇರೆಯವರಿಗಿಂತ ಸಾಕಷ್ಟು ಅಗ್ಗವಾಗಿದ್ದವು. ಅದಕ್ಕೂ ಮೊದಲು, 1962ರಲ್ಲಿ, ಮೊಂಟಾನಾದ ಬಿಲ್ಲಿಂಗ್ಸ್ ಊರಿನ ಡೇವ್ ಡ್ರಮ್ ಇನ್ನೊಂದು ತುದಿಯನ್ನು ಹಿಡಿದಿದ್ದ. ಸಿಯಾಟಲ್‌ನ ವಿಶ್ವ ಮೇಳಕ್ಕೆ ಹೋಗುವ ಸಂಸಾರಗಳು ದಾರಿಯಲ್ಲಿ ಎಲ್ಲೆಂದರಲ್ಲಿ ಬೀಡು ಬಿಡುವುದನ್ನು ಕಂಡು ತನ್ನ ನದಿತೀರದ ಜಾಗದಲ್ಲಿ ಬಿಸಿನೀರಿನ ಸ್ನಾನ, ಶೌಚಾಲಯ, ಸಣ್ಣ ಅಂಗಡಿ ಇಟ್ಟ. ರಾತ್ರಿಗೆ 1.75 ಡಾಲರ್. ಇಂದು ದೇಶದುದ್ದಕ್ಕೂ ಹಳದಿ ಫಲಕ ಹೊತ್ತು ನಿಂತಿರುವ ಕೆಓಎ ಕ್ಯಾಂಪ್‌ಗ್ರೌಂಡ್‌ಗಳ ಮೂಲ ಅದು. ಗಾಡಿಯಷ್ಟೇ ಮುಖ್ಯ ಗಾಡಿ ನಿಲ್ಲುವ ಜಾಗ ಎಂಬುದು ಡ್ರಮ್‌ಗೆ ಹೊಳೆದಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಈ ಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಅಲ್ಲಿನ ಕಾರ್ಖಾನೆಗಳಲ್ಲಿ ಆಮಿಶ್ ಪಂಥದವರು ಬಹಳ ಮಂದಿ ದುಡಿಯುತ್ತಾರೆ. ಮರಗೆಲಸದಲ್ಲಿ ನುರಿತವರು, ಸ್ವಂತಕ್ಕೆ ಕಾರು ಇಟ್ಟುಕೊಳ್ಳದವರು. ಬೆಳಿಗ್ಗೆ ಸೈಕಲ್ಲಿನಲ್ಲೋ ಕುದುರೆಗಾಡಿಯಲ್ಲೋ ಬಂದು ಇತರರಿಗಾಗಿ ಓಡುವ ಮನೆ ಕಟ್ಟಿಕೊಟ್ಟು ಹೋಗುತ್ತಾರೆ. ಈ ಊರಿನ ಭಾಗ್ಯವೂ ವಿಚಿತ್ರ. ಕೈಯಲ್ಲಿ ಕಾಸಿಲ್ಲದಾಗ ಜನ ಮೊದಲು ಕೈಬಿಡುವುದು ಇಂಥ ಖರೀದಿಯನ್ನೇ. 2009ರ ಆರ್ಥಿಕ ಕುಸಿತದಲ್ಲಿ ಎಲ್ಕ್‌ಹಾರ್ಟ್ ಎಷ್ಟು ನೆಲಕಚ್ಚಿತೆಂದರೆ ಅಧಿಕಾರ ಹಿಡಿದ ತಿಂಗಳೊಳಗೆ ಬರಾಕ್ ಒಬಾಮ ಅಲ್ಲಿಗೆ ಹೋಗಿ ಜನರನ್ನು ಕಂಡರು. ಕೋವಿಡ್ ಕಾಲದಲ್ಲಿ ಉಲ್ಟಾ: ವಿಮಾನ, ಹೋಟೆಲು ಬೇಡವೆಂದ ಸಂಸಾರಗಳೆಲ್ಲ ಇತ್ತ ತಿರುಗಿ 2021ರಲ್ಲಿ 6 ಲಕ್ಷ ಆರ್‌ವಿಗಳು ಕಾರ್ಖಾನೆಗಳಿಂದ ಹೊರಟವು. 2023ಕ್ಕೆ ಈ ಸಂಖ್ಯೆ ಸುಮಾರು 3.13 ಲಕ್ಷಕ್ಕೆ ಇಳಿಯಿತು. ಇವುಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತು ಪಾಲು ಕಾರಿಗೋ ಪಿಕಪ್‌ಗೋ ಕಟ್ಟಿ ಎಳೆಯುವ ಟ್ರೇಲರ್‌ಗಳು. ತನ್ನದೇ ಇಂಜಿನ್ ಇರುವ ಮೋಟಾರ್‌ಹೋಮ್ ಕಡಿಮೆ.

ಮೋಟಾರ್‌ಹೋಮ್‌ನಲ್ಲಿ ಎ, ಬಿ, ಸಿ ಎಂದು ಮೂರು ವರ್ಗ. ಎ ಎಂದರೆ ಬಸ್ಸಿನಷ್ಟು ದೊಡ್ಡದು, ನಿವೃತ್ತ ದಂಪತಿಗಳ ಕನಸು. ಬಿ ಎಂದರೆ ವ್ಯಾನು, ಇಬ್ಬರಿಗೆ ಸರಿ. ಬಾಡಿಗೆಗೆ ಸಾಮಾನ್ಯವಾಗಿ ಸಿಗುವುದು ಸಿ: ಮುಂದೆ ವ್ಯಾನಿನ ಮೂತಿ, ಹಿಂದೆ ಪೆಟ್ಟಿಗೆಯಂಥ ಮನೆ, ಚಾಲಕನ ತಲೆಯ ಮೇಲೆ ಅಟ್ಟದ ಹಾಸಿಗೆ. 25 ಅಡಿ ಉದ್ದದ್ದಾದರೆ ಮೂರು ತಲೆಮಾರಿನ ಆರು ಜನ ಹೇಗೋ ಹೊಂದಿಕೊಳ್ಳಬಹುದು. ಹೊಸಬರಿಗೆ ಅಚ್ಚರಿಯಾಗುವುದೆಂದರೆ ಇದಕ್ಕೆ ಬೇರೆ ಲೈಸೆನ್ಸ್ ಬೇಕಿಲ್ಲ. ಬಹುತೇಕ ರಾಜ್ಯಗಳಲ್ಲಿ ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ನಿನ್ನೆಯವರೆಗೆ ಟೊಯೊಟಾ ಓಡಿಸಿದವನು ಇಂದು 12 ಅಡಿ ಎತ್ತರದ ಗಾಡಿಯ ಸ್ಟಿಯರಿಂಗ್ ಹಿಡಿಯುತ್ತಾನೆ. ಬಾಡಿಗೆ ಕೊಡುವವರು ಕಾಲು ಗಂಟೆ ವಿಡಿಯೊ ತೋರಿಸಿ ಕೀಲಿ ಕೊಟ್ಟುಬಿಡುತ್ತಾರೆ.

ಓಡಿಸುವವರು ಗಮನಿಸಬೇಕಾದ್ದು ಎತ್ತರ ಮತ್ತು ಬಾಲ. ಫೋನಿನ ಮ್ಯಾಪ್‌ಗೆ ನಿಮ್ಮ ಗಾಡಿಯ ಎತ್ತರ ಗೊತ್ತಿರುವುದಿಲ್ಲ. ಪೆಟ್ರೋಲ್ ಬಂಕಿನ ಮಾಡು, ಡ್ರೈವ್-ಥ್ರೂ ಹೋಟೆಲಿನ ಕಮಾನು, ರಸ್ತೆಗೆ ಬಾಗಿದ ಕೊಂಬೆ ಯಾವುದೂ ಅದಕ್ಕೆ ಕಾಣದು. ಹಿಂದಿನ ಚಕ್ರಗಳ ಆಚೆಗೂ ಮನೆ ಚಾಚಿಕೊಂಡಿರುವುದರಿಂದ ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಬೀಸುತ್ತದೆ. ಪಕ್ಕದ ಕಂಬ ತಾಗುವುದು ಹಾಗೆ. ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ನಿಂತು ಕೈಸನ್ನೆ ಮಾಡಲೇಬೇಕು. ನಮ್ಮ ಲಾರಿ ಕ್ಲೀನರ್‌ಗಳ ‘ರೈಟ್, ರೈಟ್’ ಕೇಳಿ ಬೆಳೆದ ತಾತಂದಿರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಇನ್ನೊಂದು ವಿಷಯ ಮನೆಯ ಹೆಂಗಸರು ಮೊದಲ ದಿನವೇ ಕೇಳುತ್ತಾರೆ: ಗಾಡಿ ಓಡುವಾಗ ಎದ್ದು ಕಾಫಿ ಮಾಡಬಹುದೇ? ಕೂಡದು. ಎಲ್ಲರೂ ಬೆಲ್ಟು ಕಟ್ಟಿ ಕೂತಿರಬೇಕು. ಓಡುವ ಮನೆ ನಿಂತ ಮೇಲಷ್ಟೇ ಮನೆ.

ನಿಂತ ಮೇಲೆ ಶುರುವಾಗುವುದು ನೀರಿನ ಲೆಕ್ಕ. ಇಂಥ ಗಾಡಿಯ ಸಿಹಿನೀರಿನ ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 40 ಗ್ಯಾಲನ್, ಅಂದರೆ 150 ಲೀಟರ್. ಭಾರತದ ನಗರಗಳಲ್ಲಿ ಒಬ್ಬರಿಗೆ ಒಂದು ದಿನಕ್ಕೆ 135 ಲೀಟರ್ ಬೇಕೆಂಬುದು ನಮ್ಮ ಸರ್ಕಾರಿ ಮಾನದಂಡ. ಇಲ್ಲಿ ಆರು ಜನ ಅಷ್ಟೇ ನೀರಿನಲ್ಲಿ ಎರಡು ದಿನ ಕಳೆಯಬೇಕು. ಬಿಸಿನೀರಿನ ಬಾಯ್ಲರಿನಲ್ಲಿ 6 ಗ್ಯಾಲನ್, ಇಪ್ಪತ್ತಮೂರು ಲೀಟರಿನಷ್ಟು. ಷವರ್ ತಿರುಗಿಸಿ ಹಾಡು ಹೇಳುತ್ತ ನಿಂತ ಮೊಮ್ಮಗನಿಗೆ ಚರಣ ಮುಗಿಯುವ ಮೊದಲೇ ತಣ್ಣೀರು. ಅಮೆರಿಕದ ಕೈಪಿಡಿಗಳು ಇದಕ್ಕೆ ‘ನೌಕಾಪಡೆ ಸ್ನಾನ’ ಕಲಿಸುತ್ತವೆ: ಮೈ ಒದ್ದೆ ಮಾಡಿ ನಲ್ಲಿ ಮುಚ್ಚು, ಸೋಪು ಹಚ್ಚು, ಮತ್ತೆ ನಲ್ಲಿ ತೆರೆ. ನಮ್ಮವರಿಗೆ ಈ ಪಾಠ ಬೇಕಿಲ್ಲ. ಒಂದು ಬಕೆಟ್, ಒಂದು ಚೊಂಬು ಇದ್ದರೆ ಹದಿನೈದು ಲೀಟರಿನಲ್ಲಿ ಅಜ್ಜಿ ತಲೆಗೂ ಎರೆದುಕೊಂಡು ಬರುತ್ತಾರೆ. ಪ್ರವಾಸದ ಪಟ್ಟಿಯಲ್ಲಿ ಬಕೆಟ್ಟನ್ನು ಮೊದಲು ಬರೆಯಿರಿ.

ಒಳಗೆ ಬಂದ ನೀರು ಎಲ್ಲಿ ಹೋಗುತ್ತದೆ? ಊರಿನಲ್ಲಿ ನಾವು ಯಾರೂ ಕೇಳದ ಪ್ರಶ್ನೆ ಇದು. ಗಾಡಿಯ ಹೊಟ್ಟೆಯಲ್ಲಿ ಇನ್ನೆರಡು ಟ್ಯಾಂಕುಗಳಿವೆ. ಪಾತ್ರೆ ತೊಳೆದ, ಮಿಂದ ನೀರು ಗ್ರೇ ಟ್ಯಾಂಕಿಗೆ. ಶೌಚದ್ದು ಬ್ಲ್ಯಾಕ್ ಟ್ಯಾಂಕಿಗೆ. ಎರಡನ್ನೂ ನೆಲಕ್ಕೆ ಬಿಡುವಂತಿಲ್ಲ; ರಾಷ್ಟ್ರೀಯ ಉದ್ಯಾನಗಳಲ್ಲಿ ಮುಸುರೆ ನೀರನ್ನು ಮರದ ಬುಡಕ್ಕೆ ಚೆಲ್ಲಿದರೂ ಅಪರಾಧ. ಡಂಪ್ ಸ್ಟೇಷನ್ ಎಂಬಲ್ಲಿಗೆ ಗಾಡಿ ಒಯ್ದು, ಕೈಗವಸು ತೊಟ್ಟು, ಮೂರಿಂಚಿನ ಕೊಳವೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ನೆಲದ ರಂಧ್ರಕ್ಕೆ ಸಿಕ್ಕಿಸಿ ಖಾಲಿ ಮಾಡಬೇಕು. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಹಿಂದಿನಿಂದ ಬಂದು ಕೊಳವೆಯನ್ನು ತೊಳೆದುಬಿಡಲಿ ಎಂದು ಈ ಕ್ರಮ.

ಇಲ್ಲಿ ಬಹಳ ಮಂದಿ ಎಡವುವ ಒಂದು ಸೂಕ್ಷ್ಮವಿದೆ. ಚರಂಡಿ ಸಂಪರ್ಕವಿರುವ ಜಾಗದಲ್ಲಿ ಗಾಡಿ ನಿಲ್ಲಿಸಿದಾಗ, ಹೇಗೂ ಕೊಳವೆ ಜೋಡಿಸಿಯೇ ಇದೆಯಲ್ಲ ಎಂದು ಬ್ಲ್ಯಾಕ್ ಟ್ಯಾಂಕಿನ ವಾಲ್ವನ್ನು ತೆರೆದೇ ಬಿಡುತ್ತಾರೆ. ಬಿಡಬಾರದು. ತೆರೆದರೆ ನೀರಿನಂಶ ಹರಿದುಹೋಗಿ ಗಟ್ಟಿ ಭಾಗ ಮಾತ್ರ ಉಳಿದು ಗುಡ್ಡೆಯಾಗಿ ಒಣಗುತ್ತದೆ. ಆಮೇಲೆ ಯಾವ ನೀರು ಬಿಟ್ಟರೂ ಜಗ್ಗುವುದಿಲ್ಲ. ಟ್ಯಾಂಕು ಮುಕ್ಕಾಲು ತುಂಬುವವರೆಗೆ ವಾಲ್ವು ಮುಚ್ಚಿರಬೇಕು. ಆಗ ಒಮ್ಮೆಗೇ ತೆರೆದರೆ ರಭಸಕ್ಕೆ ಎಲ್ಲವೂ ಕೊಚ್ಚಿಹೋಗುತ್ತದೆ. ತುಂಬಿತೇ ಎಂದು ತೋರಿಸಲು ಗೋಡೆಯ ಮೇಲೊಂದು ದೀಪದ ಫಲಕವಿರುತ್ತದೆ, ಅದನ್ನು ಪೂರ್ತಿ ನಂಬಬೇಡಿ: ಟ್ಯಾಂಕಿನೊಳಗಿನ ಸೆನ್ಸರ್‌ಗೆ ಕಾಗದ ಅಂಟಿಕೊಂಡು ಖಾಲಿ ಟ್ಯಾಂಕನ್ನೂ ತುಂಬಿದೆ ಎನ್ನುವುದುಂಟು. ಶೌಚಕ್ಕೆ ನೀರೇ ಬೇಕೆನ್ನುವ ನಮ್ಮವರ ಗಾಡಿಯಲ್ಲಿ ಕಾಗದದ ಕಾಟ ಕಡಿಮೆ, ಆದರೆ ಟ್ಯಾಂಕು ಬೇಗ ತುಂಬುತ್ತದೆ. ಸಣ್ಣ ಚೊಂಬು ಇಡುವುದೇ ಉಪಾಯ. ಈ ವಿಷಯವನ್ನು ಹೊರಡುವ ಮುಂಚೆ ಹಿರಿಯರೆದುರು ಬಿಡಿಸಿ ಹೇಳಲು ಮಕ್ಕಳು ಸಂಕೋಚಪಡುತ್ತಾರೆ. ಪಡಬಾರದು. ನಮ್ಮ ಹಿರಿಯರು ಬಾವಿಯ ನೀರು ಸೇದಿದವರು, ಲೆಕ್ಕ ಅವರಿಗೆ ಬೇಗ ಹತ್ತುತ್ತದೆ, ಹೇಳಬೇಕಾದ್ದು ಹದಿಹರೆಯದವರಿಗೆ. ನನ್ನ ತಂಗಿಯ ಮನೆಯವರ ಪ್ರವಾಸದಲ್ಲಿ ಡಂಪ್ ಕೆಲಸಕ್ಕೆ ಸರದಿ ಹಾಕಿದ್ದರು. ಮನೆಯಲ್ಲಿ ತನ್ನ ತಟ್ಟೆ ಎತ್ತದ ಹುಡುಗ ಎರಡನೆಯ ಸಲ ತಾನಾಗಿ ಕೈಗವಸು ಹುಡುಕಿಕೊಂಡು ಹೋದ. ‘ಇವನಿಗೇನಾಯ್ತೇ?’ ಎಂದು ಅವನ ಅಜ್ಜಿ ಮಗಳ ಕಿವಿಯಲ್ಲಿ ಕೇಳಿದರು.

ಕರೆಂಟಿನ ಕಥೆಯೂ ಹೀಗೇ. ಕ್ಯಾಂಪ್‌ಗ್ರೌಂಡಿನ ಕಂಬಕ್ಕೆ ತಂತಿ ಸಿಕ್ಕಿಸಿದರೆ 30 ಆಂಪಿಯರ್, 120 ವೋಲ್ಟ್. ಗುಣಿಸಿದರೆ 3,600 ವ್ಯಾಟ್. ಏಸಿ, ಮೈಕ್ರೋವೇವ್, ಹೇರ್ ಡ್ರೈಯರ್ ಒಂದೊಂದೂ ಸಾವಿರದೈನೂರರ ಆಸುಪಾಸು ಎಳೆಯುತ್ತವೆ. ಎರಡು ಒಟ್ಟಿಗೆ ನಡೆದೀತು, ಮೂರು ಹಾಕಿದರೆ ಬ್ರೇಕರ್ ಬೀಳುತ್ತದೆ. ಕಂಬವಿಲ್ಲದ ಕಾಡಿನಲ್ಲಿ ಉಳಿದರೆ ಗತಿ 12 ವೋಲ್ಟಿನ ಬ್ಯಾಟರಿ. ಅದರಿಂದ ದೀಪ, ನೀರಿನ ಪಂಪು, ಹೀಟರಿನ ಫ್ಯಾನು ಇಷ್ಟೇ ನಡೆಯುವುದು. ಜನರೇಟರ್ ಇರುತ್ತದೆ, ರಾತ್ರಿ ಹಾಕುವಂತಿಲ್ಲ. ಮಲಗುವಾಗ ಉಸಿರಾಟದ ಯಂತ್ರ ಹಾಕಿಕೊಳ್ಳುವ ಹಿರಿಯರಿದ್ದರೆ ಕರೆಂಟು ಸಂಪರ್ಕವಿರುವ ಜಾಗವನ್ನೇ ಹಿಡಿಯಬೇಕು. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಫ್ರಿಜ್ ಮಾತ್ರ ನನಗೆ ಬೆರಗು ತಂದ ವಸ್ತು. ಅನೇಕ ಗಾಡಿಗಳಲ್ಲಿ ಈಗಲೂ ಇರುವುದು ಬೆಂಕಿಯಿಂದ ತಣ್ಣಗಾಗುವ ಫ್ರಿಜ್. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದ ತಂತ್ರ ಅದು. ಕಂಪ್ರೆಸರ್ ಇಲ್ಲ, ತಿರುಗುವ ಭಾಗವೇ ಇಲ್ಲ. ಪ್ರೊಪೇನ್ ಗ್ಯಾಸಿನ ಸಣ್ಣ ಜ್ವಾಲೆಯೊಂದು ಅಮೋನಿಯಾ ಬೆರೆತ ನೀರನ್ನು ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಫ್ರಿಜ್ಜಿನೊಳಗಿನ ಶಾಖವನ್ನು ಹೀರಿಕೊಂಡು ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಈ ಸುತ್ತು ನಡೆಯುವುದು ಜ್ವಾಲೆಯ ಕಾವು, ಭೂಮಿಯ ಸೆಳೆತ ಎರಡರಿಂದಲೇ. ಹಾಗಾಗಿ ಗಾಡಿ ವಾರೆಯಾಗಿ ನಿಂತರೆ ದ್ರವ ಒಂದೆಡೆ ಕಟ್ಟಿಕೊಂಡು ಫ್ರಿಜ್ ನಿಂತುಹೋಗುತ್ತದೆ, ಮೊಸರು ಹುಳಿಯಾಗುತ್ತದೆ. ಸಂಜೆ ಬಂದಿಳಿದವರು ಚಕ್ರದ ಕೆಳಗೆ ಪ್ಲಾಸ್ಟಿಕ್ ಹಲಗೆ ಇಟ್ಟು, ರಸಮಟ್ಟ ಹಿಡಿದು, ಮುಂದೆ-ಹಿಂದೆ ಮಾಡುತ್ತಿದ್ದರೆ ಅದು ನಿದ್ದೆಯ ಸುಖಕ್ಕಷ್ಟೇ ಅಲ್ಲ, ಮೊಸರಿಗಾಗಿಯೂ ಹೌದು. ಹೊಸ ಗಾಡಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಫ್ರಿಜ್ ಬರುತ್ತಿದೆ, ಈ ತಾಪತ್ರಯ ತಪ್ಪುತ್ತಿದೆ.

ಇನ್ನು ಅಡುಗೆ. ಯೆಲ್ಲೋಸ್ಟೋನಿನ ಫಿಶಿಂಗ್ ಬ್ರಿಜ್ ಬಳಿಯ ಆರ್‌ವಿ ಪಾರ್ಕು ಇರುವುದು 7,800 ಅಡಿ ಎತ್ತರದಲ್ಲಿ. ಮುಳ್ಳಯ್ಯನಗಿರಿಯ ನೆತ್ತಿಗಿಂತ ಸುಮಾರು ಸಾವಿರದೈನೂರು ಅಡಿ ಹೆಚ್ಚು. ಅಲ್ಲಿ ನೀರು ಕುದಿಯುವುದು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೆ. ಅನ್ನ ಮೇಲೆ ಬೆಂದಂತೆ ಕಂಡು ಒಳಗೆ ಗಟ್ಟಿ. ತೊಗರಿಬೇಳೆ ಬಹಳ ಹೊತ್ತು ಕುದಿದರೂ ಕಾಳು ಕಾಳಾಗಿಯೇ ಇರುತ್ತದೆ. ಪಕ್ಕದ ಗಾಡಿಯ ಅಮೆರಿಕನ್ನರಿಗೆ ಇದು ತಿಳಿಯುವುದೂ ಇಲ್ಲ, ಅವರು ಹೊರಗೆ ಕೆಂಡದ ಮೇಲೆ ಮಾಂಸ ಸುಡುತ್ತಾರೆ. ನಮಗೆ ಬೇಕಾದ್ದು ಪ್ರೆಷರ್ ಕುಕ್ಕರ್, ಎಂದಿಗಿಂತ ಒಂದೆರಡು ವಿಷಲ್ ಹೆಚ್ಚಿಗೆ. ಕಾಡಿನ ಮೌನದಲ್ಲಿ ಮೊದಲ ವಿಷಲ್ ಕೂಗಿದಾಗ ಸುತ್ತಲಿನ ಗಾಡಿಗಳ ಪರದೆ ಸರಿಯುವುದನ್ನು ನೋಡಬೇಕು.

ಒಗ್ಗರಣೆಯದು ಬೇರೆಯೇ ಪಾಡು. ಗಾಡಿಯೊಳಗೆ ಹೊಗೆ ಪತ್ತೆ ಮಾಡುವ ಯಂತ್ರ ಒಲೆಯಿಂದ ನಾಲ್ಕೈದು ಅಡಿ ದೂರದಲ್ಲೇ ಇರುತ್ತದೆ. ಒಣಮೆಣಸಿನಕಾಯಿ ಚಟಪಟ ಎನ್ನುವ ಮೊದಲೇ ಅದು ಅರಚತೊಡಗುತ್ತದೆ. ಅದರ ಬ್ಯಾಟರಿ ಕಿತ್ತಿಡುವವರಿದ್ದಾರೆ. ಗ್ಯಾಸಿನ ಒಲೆ, ಗ್ಯಾಸಿನ ಹೀಟರ್, ಗ್ಯಾಸಿನ ಫ್ರಿಜ್ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿ ಆರು ಜನ ಮಲಗುವಾಗ ಅಂಥ ಹುಂಬತನ ಬೇಡ. ಪುಟ್ಟ ಗ್ಯಾಸ್ ಒಲೆಯೊಂದನ್ನು ಹೊರಗಿನ ಮೇಜಿನ ಮೇಲಿಟ್ಟು ಒಗ್ಗರಣೆ ಹಾಕಿಕೊಳ್ಳುವುದು ಅನುಭವಸ್ಥರ ಪದ್ಧತಿ. ಎಣ್ಣೆ ಜಿಡ್ಡಿನ ಪಾತ್ರೆಯನ್ನು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಬೇಕು, ಇಲ್ಲದಿದ್ದರೆ ಗ್ರೇ ಟ್ಯಾಂಕಿನಲ್ಲಿ ಜಿಡ್ಡು ಕಟ್ಟಿ ಮೂರನೆಯ ದಿನ ಬ್ಲ್ಯಾಕ್ ಟ್ಯಾಂಕನ್ನೂ ಮೀರಿಸುವ ವಾಸನೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಅವಲಕ್ಕಿ ಇವಿಷ್ಟು ಮನೆಯಿಂದಲೇ ಮಾಡಿಕೊಂಡು ಹೋದರೆ ಅರ್ಧ ಪಾತ್ರೆ ತೊಳೆಯುವುದು ಉಳಿಯುತ್ತದೆ. ಊಟ ಮುಗಿದೊಡನೆ ಎಲ್ಲವನ್ನೂ ಒಳಗಿಟ್ಟು ಬಾಗಿಲು ಹಾಕುವುದು ಅಲ್ಲಿ ಕಾನೂನು. ಫಿಶಿಂಗ್ ಬ್ರಿಜ್ ಗ್ರಿಜ್ಲಿ ಕರಡಿಗಳ ಓಡಾಟದ ಜಾಗ. ಅಲ್ಲಿ ಡೇರೆ ಹಾಕಲು ಬಿಡುವುದೇ ಇಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ.

ಆ ಆರ್‌ವಿ ಪಾರ್ಕಿನ ಇನ್ನೊಂದು ವಿಶೇಷ: 1872ರಲ್ಲಿ ಘೋಷಣೆಯಾದ, ಸುಮಾರು 9,000 ಚದರ ಕಿಲೋಮೀಟರ್ ವಿಸ್ತಾರದ ಯೆಲ್ಲೋಸ್ಟೋನಿನೊಳಗೆ ನೀರು, ಕರೆಂಟು, ಚರಂಡಿ ಮೂರೂ ಸಂಪರ್ಕ ಸಿಗುವುದು ಅಲ್ಲಿ ಮಾತ್ರ. ಜುಲೈನಲ್ಲಿ ಜಾಗ ಬೇಕೆಂದರೆ ಹಿಂದಿನ ಚಳಿಗಾಲವೇ ಮುಂಗಡ ಕಾದಿರಿಸಬೇಕು. ಅಂದರೆ ಜೂನ್ ತಿಂಗಳ ಊಟದ ಹೊತ್ತಿನಲ್ಲಿ ಮಾತೆತ್ತಿದ ಅಳಿಯ ಮಾವನನ್ನು ಕರೆದೊಯ್ಯುವುದು ಬರುವ ವರ್ಷ! ಇನ್ನೊಂದು ರಾಷ್ಟ್ರೀಯ ಉದ್ಯಾನವಾದ ಗ್ಲೇಸಿಯರ್ ಪಾರ್ಕಿನ ಪ್ರಸಿದ್ಧ ‘ಗೋಯಿಂಗ್-ಟು-ದ-ಸನ್’ ಬೆಟ್ಟದ ರಸ್ತೆಯ ಮುಖ್ಯ ಭಾಗದಲ್ಲಿ 21 ಅಡಿಗಿಂತ ಉದ್ದದ ವಾಹನಕ್ಕೆ ಪ್ರವೇಶವೇ ಇಲ್ಲ. ಮೋಟಾರ್‌ಹೋಮ್ ತಂದವರು ಅದನ್ನು ಕೆಳಗೆ ಬಿಟ್ಟು ಬೇರೆ ಗಾಡಿ ಹುಡುಕಬೇಕು. ಒಕ್ಕೂಟ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯ ಬಯಲುಗಳಲ್ಲಿ ಎರಡು ವಾರದವರೆಗೆ ಪುಕ್ಕಟೆ ತಂಗಬಹುದು, ನಿಜ. ಅಲ್ಲಿ ಬಯಲು, ಆಕಾಶ ಬಿಟ್ಟರೆ ನಲ್ಲಿಯೂ ಇಲ್ಲ, ಕಂಬವೂ ಇಲ್ಲ.

ದುಡ್ಡು ಉಳಿಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಉಳಿಯುವುದಿಲ್ಲ. ಈ ಗಾಡಿ ಒಂದು ಗ್ಯಾಲನ್ ಪೆಟ್ರೋಲಿಗೆ ಎಂಟರಿಂದ ಹತ್ತು ಮೈಲಿ ಓಡುತ್ತದೆ, ಲೀಟರಿಗೆ ನಾಲ್ಕು ಕಿಲೋಮೀಟರಿನ ಆಸುಪಾಸು. ಸಾಲ್ಟ್ ಲೇಕ್ ಸಿಟಿಯಿಂದ ಹೊರಟು ಯೆಲ್ಲೋಸ್ಟೋನ್ ಸುತ್ತಿ ಮರಳುವುದನ್ನು ಸಾವಿರ ಮೈಲಿ ಎಂದು ಹಿಡಿಯಿರಿ: 100ರಿಂದ 125 ಗ್ಯಾಲನ್. ಸಾಮಾನ್ಯ ಕಾರಾದರೆ ಮೂರನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ದಿನಬಾಡಿಗೆಯ ಮೇಲೆ ಮೈಲಿಗಿಷ್ಟು, ಜನರೇಟರಿಗೆ ಗಂಟೆಗಿಷ್ಟು, ಪಾತ್ರೆ-ಹಾಸಿಗೆಗೆ ಇಷ್ಟು, ತಂಗುವ ಜಾಗಕ್ಕೆ ಬೇರೆ. ಜೊತೆಗೆ 2026ರ ಜನವರಿಯಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸು 250 ಡಾಲರ್ ಆಗಿದೆ. ಅದಿಲ್ಲದಿದ್ದರೆ ಯೆಲ್ಲೋಸ್ಟೋನ್ ಸೇರಿ 11 ಉದ್ಯಾನಗಳಲ್ಲಿ ತಲೆಗೆ 100 ಡಾಲರ್ ಹೆಚ್ಚುವರಿ. ಊರಿನಿಂದ ಹೋದ ಅಪ್ಪ-ಅಮ್ಮ ಈ ಲೆಕ್ಕಕ್ಕೆ ಸೇರುತ್ತಾರೆ. ಯಾರ ಪಾಸು ಯಾರಿಗೆ ಸಲ್ಲುತ್ತದೆ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಹಾಗಾದರೆ ಯಾರು ಹೋಗಬೇಕು? ಗಂಡ-ಹೆಂಡತಿ ಇಬ್ಬರೇ ಆದರೆ ಕಾರು, ಮೋಟೆಲು ಸಾಕು. ಹಿರಿಯರೂ ಮಕ್ಕಳೂ ಇರುವ ಸಂಸಾರ ಹೋಗಬೇಕು. ಎಪ್ಪತ್ತು ದಾಟಿದವರಿಗೆ ಪ್ರವಾಸದಲ್ಲಿ ಬೇಕಾದ್ದು ಮೂರೇ: ಕರೆದಾಗ ಸಿಗುವ ಶೌಚಾಲಯ, ಮಧ್ಯಾಹ್ನ ಒಂದು ಗಂಟೆ ಕಾಲು ಚಾಚಲು ಜಾಗ, ಪಥ್ಯಕ್ಕೆ ತಕ್ಕ ಬಿಸಿ ಊಟ. ಮೂರೂ ಹತ್ತು ಹೆಜ್ಜೆಯೊಳಗಿವೆ. ಹಿಂದಿನ ದೊಡ್ಡ ಹಾಸಿಗೆ ಅಜ್ಜಿ-ತಾತನಿಗೆ, ಅಟ್ಟ ಮೊಮ್ಮಕ್ಕಳಿಗೆ, ಊಟದ ಮೇಜನ್ನು ಇಳಿಸಿ ಮಾಡಿದ ಹಾಸಿಗೆ ಮಗಳು-ಅಳಿಯನಿಗೆ. ಬೆಳಗಿನ ಜಾವ ಎದ್ದ ಅಜ್ಜಿ ಡಿಕಾಕ್ಷನ್ ಇಳಿಸುತ್ತ ಕಿಟಕಿಯಲ್ಲಿ ಕಾಡೆಮ್ಮೆಯಂಥ ಬೈಸನ್ ಹಿಂಡು ದಾಟುವುದನ್ನು ನೋಡಬಹುದು. ಇಳಿದು ಹತ್ತಿರ ಹೋಗುವಂತಿಲ್ಲ, 25 ಗಜ ದೂರ ಇರಲೇಬೇಕೆಂಬ ನಿಯಮವಿದೆ. ಕರಡಿ, ತೋಳಕ್ಕಾದರೆ 100 ಗಜ.

ನಮ್ಮವರಿಗೆ ಇದು ತೀರ ಹೊಸತೂ ಅಲ್ಲ. ಮೆಟಡೋರಿನಲ್ಲಿ ಸೀಮೆಎಣ್ಣೆ ಸ್ಟೌ, ಅಕ್ಕಿ, ಬೇಳೆ, ಕೊಳಗ, ಜಮಖಾನೆ ತುಂಬಿಕೊಂಡು ಹದಿನೈದು ಜನ ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ ಸುತ್ತಿದ ಸಂಸಾರಗಳು ಕರ್ನಾಟಕದ ಪ್ರತಿ ಊರಿನಲ್ಲಿವೆ. ಹೊಳೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ ಉಪ್ಪಿಟ್ಟು ಕೆದಕಿ, ಛತ್ರದಲ್ಲಿ ಮಲಗಿ, ಬೆಳಿಗ್ಗೆ ಮುಂದಿನ ಊರು. ಅಡುಗೆ, ಹಾಸಿಗೆ, ಅಜ್ಜಿ ಎಲ್ಲವೂ ಗಾಡಿಯಲ್ಲಿತ್ತು. ಇಲ್ಲದ್ದು ಬ್ಲ್ಯಾಕ್ ಟ್ಯಾಂಕು, ಗ್ರೇ ಟ್ಯಾಂಕು. ಅವುಗಳಿಗೆ ಸೇರಬೇಕಾದ ಕೊಳೆ ಹೊಳೆಯ ಪಾಲಾಗುತ್ತಿತ್ತು, ಈಗಲೂ ಆಗುತ್ತಿದೆ. ನೇತ್ರಾವತಿಯ ದಂಡೆಯಲ್ಲಿ ರಜಾದಿನದ ಮರುಬೆಳಿಗ್ಗೆ ನಡೆದು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲಿ ಕ್ಯಾರವಾನ್ ಎಂದರೆ ಇಂದಿಗೂ ಶೂಟಿಂಗ್ ಜಾಗದಲ್ಲಿ ಸಿನಿಮಾ ತಾರೆಯರು ಏಸಿಯಲ್ಲಿ ಕೂರುವ ಗಾಡಿ. ಆದರೆ ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದು, ಮರುವರ್ಷ ವಾಗಮಣ್‌ನಲ್ಲಿ ಮೊದಲ ಕ್ಯಾರವಾನ್ ಪಾರ್ಕ್ ತೆರೆಯಿತು. ಗಾಡಿಯ ಜೊತೆಗೇ ಗಾಡಿ ನಿಲ್ಲುವ ಜಾಗವನ್ನೂ ಯೋಚಿಸಿದ್ದು ಅದರಲ್ಲಿ ಮೆಚ್ಚಬೇಕಾದ ಅಂಶ. ಕರ್ನಾಟಕದಲ್ಲಿಯೂ ಈ ಮಾತು ಆಗಾಗ ಏಳುತ್ತದೆ. ಎದ್ದಾಗಲೆಲ್ಲ ಚರ್ಚೆ ಗಾಡಿಯ ಸುತ್ತ: ಒಳಗೆ ಏಸಿ ಇದೆಯೇ, ಟಿವಿ ಇದೆಯೇ, ಎಷ್ಟು ಸೀಟು. ಬೇಕಾದ್ದು ಅದಲ್ಲ. ನಮ್ಮ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳಲ್ಲಿ ಬಹಳಷ್ಟಕ್ಕೆ ವಿಶಾಲ ಆವರಣವಿದೆ. ಒಂದು ಮೂಲೆಯಲ್ಲಿ ನಾಲ್ಕು ಗಾಡಿ ನಿಲ್ಲುವಷ್ಟು ಸಮತಟ್ಟು ನೆಲ, ಒಂದು ಕುಡಿಯುವ ನೀರಿನ ನಲ್ಲಿ, ಗೀಸರಿಗೆ ಹಾಕುವಂಥ 16 ಆಂಪಿಯರ್ ಪ್ಲಗ್ಗು, ಸೆಪ್ಟಿಕ್ ಟ್ಯಾಂಕಿಗೆ ಹೋಗುವ ಮುಚ್ಚಳವಿರುವ ಒಂದು ಕೊಳವೆ. ನಮ್ಮ 230 ವೋಲ್ಟಿನಲ್ಲಿ ಆ ಪ್ಲಗ್ಗು ಕೊಡುವ ಶಕ್ತಿ 3,680 ವ್ಯಾಟ್, ಅಮೆರಿಕದ 30 ಆಂಪಿಯರ್ ಕಂಬಕ್ಕಿಂತ ಒಂದು ಕೈ ಹೆಚ್ಚೇ. ಲಕ್ಷಾಂತರ ರೂಪಾಯಿಯ ಗಾಡಿ ಕೊಳ್ಳುವ ಟೆಂಡರ್ ಕರೆಯುವ ಮೊದಲು ಈ ನಲ್ಲಿ, ಪ್ಲಗ್ಗು, ಕೊಳವೆಗಳ ಕೆಲಸ ಮುಗಿಸಲಿ. ಟೆಂಪೋ ಟ್ರಾವೆಲರ್‌ನಲ್ಲಿ ಪಾತ್ರೆ-ಪಡಗ ತುಂಬಿಕೊಂಡು ಬರುವ ಯಾತ್ರಿಕರಿಗೂ ಇವು ನಾಳೆಯಿಂದಲೇ ಉಪಯೋಗಕ್ಕೆ ಬರುತ್ತವೆ.